ಸಾಲಾವಳಿ

ಪೆನ್‌ರಿನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ
ಹದಿನಾಲ್ಕು ಅಡಿ ಉದ್ದದ ಒಂದು ಪಾತಿ.
ಅದರಲ್ಲಿ ಮೂರು ಹೈಡ್ರೇಂಜಿಯಾ.
ಯಾರು ನೆಟ್ಟರೋ, ಯಾರಿಗೂ ನೆನಪಿಲ್ಲ.
ಜುಲೈ ಬಂದರೆ ಒಂದೊಂದು ಹೂವೂ ಕೂಸಿನ ತಲೆಯಷ್ಟು,
ಶಾಯಿ ಕುಡಿದ ಹತ್ತಿಯ ನೀಲಿ.
ಸುತ್ತ ಬರೀ ಮಣ್ಣು, ಚಾಕಲೇಟಿನ ಸಿಪ್ಪೆ.

ಫೆಬ್ರವರಿಯ ಶನಿವಾರ, ಜೋಡಿ ಹುಡುಕಲು ಕೂತೆವು:
ಸಿಗ್ನಲ್ ಎಳೆದೆಳೆದು ಭುಜ ಸವೆದ ಡೆನ್ಜಿಲ್ ಪಾಸ್ಕೋ,
ಶಾಲೆಯ ಗೋಡೆಯ ಮೇಲೇನೋ ಬರೆದ ತಪ್ಪಿಗೆ
ನಮ್ಮ ಪಾಲಿಗೆ ಬಂದ ಹದಿನೈದರ ಕೆರೆನ್ಸಾ,
ಟ್ರೂರೋ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಕಣ್ಣುರಿಯುತ್ತಿದ್ದ ನಾನು.

ಲ್ಯಾವೆಂಡರ್? ಎಂದಳು ಹುಡುಗಿ.
ಗಣವೇ ಕೂಡುವುದಿಲ್ಲವಲ್ಲೇ ತಾಯಿ,
ಅದಕ್ಕೆ ಬಿಸಿಲು, ಸುಣ್ಣ, ಒಣಗಿದ ಕಾಲು;
ಇದಕ್ಕೆ ನೆರಳು, ಹುಳಿಮಣ್ಣು,
ಮಧ್ಯಾಹ್ನ ಒಂದು ಕೊಡ ನೀರು ತಪ್ಪಿದರೆ
ಎಲೆಯೆಲ್ಲ ಮುನಿದು ಜೋತುಬೀಳುತ್ತದೆ.

ಹೋಸ್ತಾ ಗುಣವಂತೆ, ನೆರಳಲ್ಲೇ ಬೆಳೆದವಳು;
ಆದರೆ ಚಿಪ್ಪಿಲ್ಲದ ಬಸವನಹುಳುಗಳ ದಿಬ್ಬಣ ಬಂದು
ಒಂದೇ ರಾತ್ರಿಗೆ ಅವಳನ್ನು ಜರಡಿ ಮಾಡುತ್ತದೆ.
ಜಪಾನಿನ ಎನಿಮೋನಿ ಬಿಳಿ, ಮೆತ್ತಗೆ, ಮಾತೇ ಆಡದು;
ಒಳಗೊಳಗೇ ಬೇರು ಚಾಚಿ ಮೂರು ವರ್ಷಕ್ಕೆ
ಮನೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ.
ಡೆನ್ಜಿಲ್‌ನ ಅತ್ತಿಗೆಯ ಹಿತ್ತಿಲು ಹೋದದ್ದು ಹಾಗೇ.

ಕಡೆಗೆ ಹಳಿಯ ಏರಿಯಿಂದಲೇ ಕಿತ್ತು ತಂದ ಐದು ಜರಿಗಿಡ,
ಅವುಗಳ ಜಾತಕ ಯಾರೂ ಕೇಳಲಿಲ್ಲ.
ಚಳಿಗಾಲದಲ್ಲಿ ಹೈಡ್ರೇಂಜಿಯಾ ಬರೀ ಕಡ್ಡಿ,
ಅದರ ಕಾಲ ಬಳಿ ಇರಲೆಂದು ಸ್ನೋಡ್ರಾಪ್.
ಬೇರು ಮೇಲುಮೇಲೇ ಇದೆ, ಹತ್ತಿರ ಅಗೆಯಬೇಡಿ,
ಒಂದೂವರೆ ಅಡಿ, ಎಂದು ಡೆನ್ಜಿಲ್
ಗಿಡ ಗಿಡಕ್ಕೂ ಟೇಪು ಹಿಡಿದ.
ತುಕ್ಕು ಮೊಳೆ ಹೂತರೆ ನೀಲಿ ಉಳಿಯುತ್ತದೆಂದು ಅವನ ಹಟ.
ಪುಸ್ತಕ ಒಪ್ಪುವುದಿಲ್ಲ.
ನಾನು ಮೊಳೆಯ ಡಬ್ಬ ಹಿಡಿದುಕೊಂಡೆ.

ಮೇ ತಿಂಗಳಲ್ಲಿ ಕೆರೆನ್ಸಾ ದೀಪದ ಕಂಬಕ್ಕೆ
ಹಕ್ಕಿಕಾಳಿನ ಕೊಳವೆಯೊಂದನ್ನು ನೇತುಹಾಕಿದಳು.
ಕೆಂಪು ಮುಸುಡಿಯ ಗೋಲ್ಡ್‌ಫಿಂಚ್‌ಗಳು ಬಂದವು,
ಅರ್ಧ ತಿಂದವು, ಅರ್ಧ ಚೆಲ್ಲಿದವು.

ಸೆಪ್ಟೆಂಬರಿನಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ
ಮೊಣಕಾಲೆತ್ತರದ ಒಂದು ಒರಟು ಗಿಡ.
ಕಳೆ, ಎಂದು ಡೆನ್ಜಿಲ್ ಬುಡಕ್ಕೆ ಕೈ ಹಾಕಿದ.
ತುದಿಯಲ್ಲೊಂದು ಮೊಗ್ಗು ಆಗಷ್ಟೇ ಬಿರಿದಿತ್ತು:
ಎಂಟು ಎಸಳು, ಅರಿಸಿನ.
ತಡಿಯೋ! ಎಂದು ಕೂಗಿದೆ, ಕನ್ನಡದಲ್ಲಿ.
ಅರ್ಥವಾಯಿತು ಅವನಿಗೆ.
ಫಾಲ್ಮತ್ ರೈಲಿನ ಕಿಟಕಿಗಳೆಲ್ಲ ತಿರುಗಿ ನೋಡಿದವು.

ಹುಚ್ಚೆಳ್ಳು.
ಹೇಗೆ ಹೇಳಲಿ ಇವರಿಗೆ,
ಆರು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು,
ಕೂರಿಗೆಯ ಹಿಂದೆ ಸಡ್ಡೆ ಹಿಡಿದು ನಮ್ಮ ಚಿಕ್ಕತ್ತೆ
ಯಾರನ್ನೋ ಬೈದುಕೊಳ್ಳುತ್ತಲೇ ಉದುರಿಸುತ್ತಿದ್ದುದು
ಅವರೆ, ತೊಗರಿ, ಹರಳು, ಈ ಕಪ್ಪು ಕಾಳು;
ದೀಪಾವಳಿಯ ಹೊತ್ತಿಗೆ ಹೊಲದ ಮೈಗೆಲ್ಲ ಹಳದಿ ಅಂಚು.
ಹುರಿದು ಕುಟ್ಟಿದ ಚಟ್ನಿಪುಡಿ, ಬಿಸಿ ಮುದ್ದೆ.
ಇಲ್ಲಿ ಹಕ್ಕಿಗೆ ಹಾಕುತ್ತಾರೆ,
ಹನ್ನೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೆಸರು? ಎಂದ ಡೆನ್ಜಿಲ್. ಹುಚ್ಚು ಹಿಡಿದ ಎಳ್ಳು, ಎಂದೆ.
ನಕ್ಕು ನಕ್ಕು ಕೆಮ್ಮಿದ.
ಸ್ಟೇಷನ್ನಿನ ಫಲಕಕ್ಕೆ ಬಳಿಯುವ ಬಿಳಿ ಬಣ್ಣದಲ್ಲೇ
ಹಲಗೆಯ ಮೇಲೆ ಬರೆದು ನೆಟ್ಟ, ಒಂದಕ್ಷರ ತಪ್ಪಾಗಿ.
ತಿದ್ದಲಿಲ್ಲ ನಾನು.

ಅಕ್ಟೋಬರ್ ಇಡೀ ಅದು ಹಳದಿ ಸುರಿಯಿತು,
ಪಕ್ಕದಲ್ಲಿ ನೀಲಿ ಹಸಿರಾಗಿ, ಹಸಿರು ತಾಮ್ರವಾಗುತ್ತಿತ್ತು.
ನವೆಂಬರಿನಲ್ಲಿ ಹಿಮ ಬಿದ್ದ ಮೊದಲ ರಾತ್ರಿಗೇ ಕರಿಕಾಯಿತು.
ಹೈಡ್ರೇಂಜಿಯಾದ ಒಣ ತಲೆಗಳನ್ನು ಕತ್ತರಿಸಲಿಲ್ಲ,
ಕೆಳಗಿನ ಎಳೆ ಮೊಗ್ಗಿಗೆ ಮಾರ್ಚಿಯವರೆಗೆ ಅವೇ ಟೋಪಿ.

ಕೆರೆನ್ಸಾಳ ಶಿಕ್ಷೆ ಈಸ್ಟರಿಗೇ ಮುಗಿದಿತ್ತು.
ಆದರೂ ಬಂದಿದ್ದಳು, ಕೈಗವಸು ಕಳಚಿ
ಕರಿಕಾದ ಗಿಡವನ್ನು ಅಂಗೈ ಮೇಲೆ ಕೊಡವಿದಳು:
ಬಲಿತದ್ದು ಏಳೋ ಎಂಟೋ ಕಾಳು.
ಇವನ್ನು ಎಷ್ಟು ದೂರಕ್ಕೆ ಹಾಕಬೇಕು, ಎಂದಳು.
ಡೆನ್ಜಿಲ್ ಜೇಬಿನಿಂದ ಟೇಪು ತೆಗೆದ.